ಮಂಡಿ ನೋವು, ಒಂದು ಕುರ್ಚಿ ಮತ್ತು ವ್ಯಾಯಾಮ

ಮಂಡಿ ನೋವಿಗೆ ವ್ಯಾಯಾಮ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಔಷಧಿ ಚೀಟಿಯ ಕೊನೆಯಲ್ಲೂ ಒಂದು ಸಾಲು ಬರೆದಿರುತ್ತಾರೆ. ಆದರೆ ಯಾವ ವ್ಯಾಯಾಮ, ಎಷ್ಟು ಸಲ, ಮಾಡುವಾಗ ನೋವಾದರೆ ನಿಲ್ಲಿಸಬೇಕಾ ಮುಂದುವರಿಸಬೇಕಾ, ಗುಣ ಯಾವಾಗ ಕಾಣುತ್ತದೆ ಅನ್ನುವುದನ್ನು ಕೂತು ವಿವರವಾಗಿ ಹೇಳುವವರು ಕಡಿಮೆ. ನನಗೆ ಹಾಗೆ ಹೇಳುವ ಒಬ್ಬರು ಸಿಕ್ಕಿದರು. ಎಷ್ಟೋ ಹೆಂಗಸರಿಗೆ ಸಿಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಜಿಗ್‌ಜಾಗ್. ಐವತ್ತು ದಾಟಿ ಕೆಲವು ವರ್ಷ ಆಗಿದೆ. ಎಡ ಮಂಡಿಯ ಒಳಬದಿಯಲ್ಲಿ ನೋವು ಮೊದಲು ಗೊತ್ತಾಗಿದ್ದು ಮೆಟ್ಟಿಲು ಇಳಿಯುವಾಗ. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಆಮೇಲೆ ಮಿಷನ್ ಮುಂದಿನಿಂದ ಏಳುವಾಗ ಮಂಡಿ ಹಿಡಿದುಕೊಳ್ಳಲು ಶುರುವಾಯಿತು. ಎದ್ದು ನಾಲ್ಕು ಹೆಜ್ಜೆ ಹಾಕುವವರೆಗೆ ಬಿಗಿ, ಆಮೇಲೆ ಸಡಿಲ. ಸಿಟಿ ಬಸ್ಸಿನ ಮೊದಲ ಮೆಟ್ಟಿಲು ನೋಡಿದರೆ ಭಯವಾಗುತ್ತಿತ್ತು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆಸಿದರು. ‘ಗ್ಯಾಪ್ ಕಡಿಮೆಯಾಗಿದೆ, ಮೂಳೆ ಸವೆದಿದೆ. ಮೆಟ್ಟಿಲು ಹತ್ತಬೇಡಿ, ನೆಲದ ಮೇಲೆ ಕೂರಬೇಡಿ, ಜಾಸ್ತಿ ನಡೆಯಬೇಡಿ. ಮುಂದೆ ಆಪರೇಷನ್ ಬೇಕಾಗಬಹುದು’ ಎಂದರು. ಅಷ್ಟಕ್ಕೇ ಮಾತು ಮುಗಿಯಿತು. ಮನೆಯವರೂ ಅದನ್ನೇ ಹಿಡಿದುಕೊಂಡರು. ಬಟ್ಟೆ ಒಣಹಾಕಲು ಮಹಡಿಗೆ ಹೋಗುವುದು ನಿಂತಿತು. ಕುಕ್ಕರಹಳ್ಳಿ ಕೆರೆಯ ವಾಕಿಂಗ್ ನಿಂತಿತು. ಅತ್ತಿಗೆ ಎಕ್ಕದ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಮಂಡಿಗೆ ಕಟ್ಟಿದರು. ಹಿತವಾಗುತ್ತಿತ್ತು, ಬೆಳಗಾದರೆ ಮತ್ತೆ ಅದೇ. ಇಷ್ಟೆಲ್ಲ ಜೋಪಾನ ಮಾಡಿದರೂ ಎಡ ತೊಡೆ ಸಣ್ಣಗಾಗುತ್ತಾ ಬಂತು, ಕೂತಲ್ಲಿಂದ ಏಳುವುದು ಇನ್ನೂ ಕಷ್ಟವಾಯಿತು.

ಮಗಳ ಒತ್ತಾಯಕ್ಕೆ ಇನ್ನೊಬ್ಬ ಮೂಳೆ ಡಾಕ್ಟರ್ ಹತ್ತಿರ ಹೋದೆ. ಇವರು ಎಕ್ಸ್‌ರೇ ಕವರ್ ಬಿಚ್ಚುವ ಮೊದಲು ಪ್ರಶ್ನೆ ಕೇಳಿದರು. ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ? ಹತ್ತು ನಿಮಿಷ ಎಂದೆ. ಅರ್ಧ ಗಂಟೆ ದಾಟಿದರೆ, ಬೆರಳ ಗೆಣ್ಣುಗಳೂ ಊದಿಕೊಂಡರೆ ಅದು ರುಮಟಾಯ್ಡ್ ಎಂಬ ಬೇರೆ ಥರದ ಕೀಲುವಾತ ಇರಬಹುದು, ಅದಕ್ಕೆ ಬೇರೆ ಪರೀಕ್ಷೆ, ಬೇರೆ ಮದ್ದು ಎಂದರು. ರಾತ್ರಿ ನಿದ್ದೆ ಕೆಡಿಸುವಷ್ಟು ನೋವಿದೆಯಾ, ಮಂಡಿ ಕೆಂಪಗಾಗಿ ಬಿಸಿಯಾಗಿ ಜ್ವರ ಬಂದಿತ್ತಾ, ನಡೆಯುವಾಗ ಮಂಡಿ ಮಡಚಲಾಗದಂತೆ ಸಿಕ್ಕಿಕೊಳ್ಳುತ್ತದಾ, ಹಿಂದೆ ಯಾವಾಗಲಾದರೂ ಬಿದ್ದು ಪೆಟ್ಟಾಗಿತ್ತಾ ಎಂದು ಕೇಳಿದರು. ಯಾವುದೂ ಇರಲಿಲ್ಲ.

ಆಮೇಲೆ ಎಕ್ಸ್‌ರೇ ತೋರಿಸಿದರು. ಎರಡೂ ಮಂಡಿಯದ್ದು ಒಂದೇ ಫಿಲ್ಮ್‌ನಲ್ಲಿತ್ತು. ಎರಡರಲ್ಲೂ ಒಳಬದಿಯ ಸಂದು ಕಿರಿದಾಗಿತ್ತು, ಎರಡರಲ್ಲೂ ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳುಗಳಿದ್ದವು. ಹೆಚ್ಚೂ ಕಡಿಮೆ ಒಂದೇ ಥರ. ಆದರೆ ನನ್ನ ಬಲ ಮಂಡಿ ಒಂದು ದಿನವೂ ನೋಯುತ್ತಿರಲಿಲ್ಲ! ‘ಫೋಟೋದಲ್ಲಿ ಕಾಣೋದಕ್ಕೂ ನೋವಿಗೂ ನೇರ ಲೆಕ್ಕ ಇಲ್ಲಮ್ಮ’ ಎಂದರು ಡಾಕ್ಟರ್. ಎಕ್ಸ್‌ರೇ ತುಂಬ ಕೆಟ್ಟಿದ್ದರೂ ಆರಾಮಾಗಿ ಓಡಾಡುವವರಿದ್ದಾರಂತೆ, ಎಕ್ಸ್‌ರೇ ಚೆನ್ನಾಗಿದ್ದೂ ಒದ್ದಾಡುವವರಿದ್ದಾರಂತೆ. ‘ಆಸ್ಟಿಯೋಆರ್ಥ್ರೈಟಿಸ್ (ಅಂದರೆ ಕೀಲು ಸವೆತ), ಮಧ್ಯಮ ಹಂತ’ ಎಂದು ಬರೆದು, ಹಚ್ಚಲು ಡೈಕ್ಲೋಫೆನಾಕ್ ಜೆಲ್ ಕೊಟ್ಟು ಫಿಸಿಯೋಥೆರಪಿಗೆ ಕಳಿಸಿದರು.

ಫಿಸಿಯೋಥೆರಪಿ ಮೇಡಂ ನನ್ನ ಮಗಳ ವಯಸ್ಸಿನವರು. ಮಶೀನ್ ಹಚ್ಚಿ, ಶಾಖ ಕೊಟ್ಟು ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲ ದಿನ ಪೂರ್ತಿ ಮಾತಾಡಿದರು. ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆ ಒಂದೇ. ಸವೆದಿರುವ ಮಂಡಿಯನ್ನು ಇನ್ನೂ ಆಡಿಸಿದರೆ ಇನ್ನೂ ಸವೆಯುವುದಿಲ್ಲವಾ?

ಅವರು ಹೇಳಿದ್ದು ಹೀಗೆ. ಎರಡು ಮೂಳೆಯ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ಹಾಗಾದರೆ ಅದಕ್ಕೆ ಊಟ ಎಲ್ಲಿಂದ? ಕೀಲಿನ ಒಳಗಿರುವ ದ್ರವದಿಂದ. ಕಾಲೂರಿದಾಗ ಮೃದ್ವಸ್ಥಿ ಒತ್ತಿ ದ್ರವ ಹೊರಗೆ ಹೋಗುತ್ತದೆ, ಕಾಲೆತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ಈ ಒತ್ತು, ಬಿಡು ನಡೆಯುತ್ತಲೇ ಇರಬೇಕು. ‘ನೀರು ಸೇದ್ತಾ ಇದ್ರೆ ಬಾವಿ ಚೆನ್ನಾಗಿರುತ್ತೆ, ಸೇದದೆ ಬಿಟ್ರೆ ಹಾಳಾಗುತ್ತೆ ಅಲ್ವಾ ಅಮ್ಮ, ಹಾಗೆ’ ಎಂದರು. ನೋವು ಬರುವುದು ಮೃದ್ವಸ್ಥಿಯಿಂದಲ್ಲ, ಅದರಲ್ಲಿ ನರವೇ ಇಲ್ಲ. ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು, ಇವುಗಳಿಂದ ನೋವು. ಒಳಪೊರೆ ಕೆರಳಿದರೆ ಊತ. ತೊಡೆಯ ಸ್ನಾಯು ಸೋತರೆ ಪ್ರತಿ ಹೆಜ್ಜೆಯ ಭಾರ ನೇರ ಕೀಲಿಗೆ. ನೋವಿಗೆ ಹೆದರಿ ಕೂತರೆ ಸ್ನಾಯು ಇನ್ನೂ ಸೋಲುತ್ತದೆ, ಅದರಿಂದ ನೋವು ಇನ್ನೂ ಜಾಸ್ತಿ. ನನ್ನ ಸಣ್ಣಗಾದ ತೊಡೆಗೆ ಕಾರಣ ಆವತ್ತು ಗೊತ್ತಾಯಿತು.

ಆಮೇಲೆ ನಾನೇ ಹುಡುಕಿ ಓದಿದೆ. 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಈ ತೊಂದರೆ ಶೇ 3.5 ಜನರಿಗೆ, ಓಡದೆ ಕೂತೇ ಇರುವವರಲ್ಲಿ ಶೇ 10.2 ಜನರಿಗೆ ಇತ್ತಂತೆ. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಶೇ 13.3. ಓಟವೇ ರಕ್ಷಣೆ ಕೊಡುತ್ತದೆ ಎಂದು ಇಷ್ಟರಿಂದಲೇ ಹೇಳಲಾಗದು. ಆದರೆ ಕಾಲು ಬಳಸಿದ್ದಕ್ಕೇ ಕೀಲು ಹಾಳಾಗುತ್ತದೆ ಎನ್ನುವ ನನ್ನ ಭಯ ಅಲ್ಲಿಗೆ ಹೋಯಿತು.

ಎರಡನೇ ಭೇಟಿಯಲ್ಲಿ ಮೇಡಂ ಒಂದು ಕುರ್ಚಿ ಹಾಕಿದರು. ಕೈಯಿಲ್ಲದ, ಗಟ್ಟಿಯಾದ ಕುರ್ಚಿ. ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದರು. ನನಗೆ ಕೈ ಊರದೆ ಏಳಲು ಆಗಲೇ ಇಲ್ಲ. ಅವರು ಮುಖ ಸಣ್ಣ ಮಾಡಲಿಲ್ಲ. ಕುರ್ಚಿ ಮೇಲೆ ಎರಡು ದಪ್ಪ ದಿಂಬು ಇಟ್ಟು ಎತ್ತರ ಮಾಡಿದರು. ಎದ್ದೆ. ‘ಇಲ್ಲಿಂದ ಶುರು ಮಾಡೋಣ’ ಎಂದರು.

ಈ ಕುರ್ಚಿಯ ವ್ಯಾಯಾಮವೇ ನನ್ನ ಮಂಡಿಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಬೇಕು, ಜಾರಬಾರದು. ಅದರ ಮುಂಭಾಗಕ್ಕೆ ಸರಿದು ಕೂರಬೇಕು. ಪಾದಗಳ ನಡುವೆ ಸೊಂಟದಷ್ಟು ಅಂತರ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಎದೆ ಮುಂದಕ್ಕೆ ಬಾಗಿಸಿ, ಹಿಮ್ಮಡಿಯಿಂದ ನೆಲ ಒತ್ತಿ ಏಳಬೇಕು. ಏಳುವಾಗ ಎರಡೂ ಮಂಡಿ ಒಳಗೆ ವಾಲದಂತೆ, ಪಾದದ ಬೆರಳುಗಳ ದಿಕ್ಕಿನಲ್ಲೇ ಇರಬೇಕು. ನನ್ನ ಎಡ ಮಂಡಿ ಯಾವಾಗಲೂ ಒಳಗೆ ವಾಲುತ್ತಿತ್ತು, ಅದನ್ನು ನೋಡಿಕೊಳ್ಳಲು ಟ್ರಯಲ್ ರೂಮಿನ ಕನ್ನಡಿಯ ಮುಂದೆಯೇ ಮಾಡುತ್ತಿದ್ದೆ. ಇನ್ನು ಕೂರುವುದು. ದೊಪ್ಪನೆ ಕೂರಬಾರದು, ಮನಸ್ಸಿನಲ್ಲಿ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಬೇಕು. ಮೆಟ್ಟಿಲು ಇಳಿಯುವಾಗ ಬೇಕಾಗುವ ಶಕ್ತಿ ಬರುವುದು ಈ ನಿಧಾನದಿಂದಲೇ. 10 ಸಲ ಮಾಡಿ, ಸುಧಾರಿಸಿಕೊಂಡು ಇನ್ನೊಂದು ಸುತ್ತು. ಸುಲಭ ಅನ್ನಿಸಿದಾಗ ಒಂದು ದಿಂಬು ತೆಗೆಯುವುದು, ಆಮೇಲೆ ಇನ್ನೊಂದು, ಆಮೇಲೆ ಕೈಯಲ್ಲಿ ಅಕ್ಕಿ ತುಂಬಿದ ಬ್ಯಾಗ್ ಹಿಡಿದು ಏಳುವುದು.

ಜೊತೆಗೆ ಮಲಗಿ ಮಾಡುವ ಕೆಲವು ಇದ್ದವು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ 5 ಸೆಕೆಂಡ್ ಹಿಡಿಯುವುದು. ಒಂದು ಕಾಲು ಮಡಚಿ ಇನ್ನೊಂದನ್ನು ನೇರ ಎತ್ತುವುದು. ಎರಡೂ ಕಾಲು ಮಡಚಿ ಸೊಂಟ ಮೇಲೆತ್ತುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು. ಈ ಕೊನೆಯದು ಮಂಡಿಗೆ ಯಾಕೆ ಎಂದು ಕೇಳಿದೆ. ಸೊಂಟದ ಪಕ್ಕದ ಸ್ನಾಯು ಸೋತರೆ ನಡೆಯುವಾಗ ಮಂಡಿ ಒಳಗೆ ಬೀಳುತ್ತದೆ, ನಿಮ್ಮದು ಬೀಳುತ್ತಿರುವುದು ಅದಕ್ಕೇ ಎಂದರು. ಅಡುಗೆಮನೆಯಲ್ಲಿ ಹಾಲು ಕಾಯುವವರೆಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಮೆಟ್ಟಿಲು ಹತ್ತಿಳಿಯುವ ಅಭ್ಯಾಸಕ್ಕೆ ಹೊಸ್ತಿಲು ಸರಿಯಾದ ಎತ್ತರದಲ್ಲೇ ಇತ್ತು. ಆದರೆ ಹೊಸ್ತಿಲು ತುಳಿಯಲು ನನಗೆ ಮನಸ್ಸು ಬರಲಿಲ್ಲ. ಮೇಡಂಗೂ ಅದು ಅರ್ಥವಾಯಿತು. ಹೊರಗಿನ ಕೊನೆಯ ಮೆಟ್ಟಿಲಲ್ಲಿ ಗೋಡೆ ಹಿಡಿದು ಮಾಡಿದೆ.

ಈಗ ಮುಖ್ಯವಾದ ಮಾತು. ಶುರುವಿನಲ್ಲಿ ನೋವಾಯಿತು. ಇಲ್ಲೇ ತುಂಬಾ ಜನ ಬಿಟ್ಟುಬಿಡುತ್ತಾರೆ. ವ್ಯಾಯಾಮ ಮಾಡಿದೆ, ನೋವು ಜಾಸ್ತಿಯಾಯಿತು, ನನಗೆ ಆಗಿಬರಲ್ಲ ಅನ್ನುತ್ತಾರೆ. ಮೇಡಂ ಇದನ್ನು ಮೊದಲೇ ಹೇಳಿ ಒಂದು ಲೆಕ್ಕ ಕೊಟ್ಟಿದ್ದರು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೊಡಬೇಕು. ಎರಡರವರೆಗೆ ಏನೂ ಯೋಚನೆ ಬೇಡ. ಐದರವರೆಗೆ ಇದ್ದರೂ ಮುಂದುವರಿಸಬಹುದು. ಐದು ದಾಟಿದರೆ ಕಡಿಮೆ ಮಾಡಬೇಕು. ನಂಬರಿನಷ್ಟೇ ಮುಖ್ಯವಾದದ್ದು ಮಾರನೆಯ ದಿನ. 24 ಗಂಟೆಯೊಳಗೆ ನೋವು ಮೊದಲಿನ ಮಟ್ಟಕ್ಕೆ ಇಳಿದರೆ ಅಷ್ಟು ವ್ಯಾಯಾಮ ನಿಮ್ಮ ಮಂಡಿಗೆ ಸರಿ. ಇಳಿಯದಿದ್ದರೆ ಮುಂದಿನ ಸಲ ಸಂಖ್ಯೆ ಕಡಿಮೆ ಮಾಡಿ, ದಿಂಬು ಸೇರಿಸಿ. ‘ನಿಲ್ಲಿಸಬೇಡಿ ಅಮ್ಮ, ಕಡಿಮೆ ಮಾಡಿ. ಎರಡಕ್ಕೂ ವ್ಯತ್ಯಾಸ ಇದೆ’ ಅನ್ನುತ್ತಿದ್ದರು. ಕಸ್ಟಮರ್ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ದಿನಾ ಆ ನಂಬರ್ ಬರೆದಿಟ್ಟೆ.

ಮೊದಲ ಎರಡು ಮೂರು ವಾರ ನೋವಿನ ನಂಬರಿನಲ್ಲಿ ಏನೂ ಬದಲಾವಣೆ ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಸೆ ಬಿಡುವುದು ಆಗಲೇ. ಸ್ನಾಯು ಗಟ್ಟಿಯಾಗಲು ಆರರಿಂದ ಹನ್ನೆರಡು ವಾರ ಬೇಕಂತೆ. ಡೆನ್ಮಾರ್ಕಿನಲ್ಲಿ 2013ರಿಂದ ಮಂಡಿ ಮತ್ತು ಸೊಂಟದ ಕೀಲು ನೋವಿನವರಿಗೆಂದೇ ಒಂದು ಕಾರ್ಯಕ್ರಮ ನಡೆಯುತ್ತಿದೆ, ಗ್ಲಾಡ್ ಎಂದು ಹೆಸರು. ಅದರಲ್ಲೂ ವಾರಕ್ಕೆ ಎರಡು ಸಲದಂತೆ ಆರು ವಾರ ವ್ಯಾಯಾಮ, ಜೊತೆಗೆ ಕಾಯಿಲೆಯ ಬಗ್ಗೆ ಪಾಠ. ಆಮೇಲೆ ಅದು ಬೇರೆ ದೇಶಗಳಿಗೂ ಹೋಗಿದೆ. ಅಂದರೆ ಒಂದೆರಡು ವಾರದಲ್ಲಿ ಫಲ ಕೇಳುವ ಕೆಲಸ ಇದಲ್ಲ.

ನನಗೆ ಮೊದಲು ಗೊತ್ತಾದ ಬದಲಾವಣೆ ನೋವಿನದ್ದಲ್ಲ. ಒಂದು ದಿನ ಬಾಗಿಲು ಬಡಿದ ಸದ್ದಾಯಿತು, ಮಿಷನ್ನಿನಿಂದ ಎದ್ದು ಹೋಗಿ ಬಾಗಿಲು ತೆಗೆದೆ. ಮೇಜಿಗೆ ಕೈ ಊರಿರಲಿಲ್ಲ ಅನ್ನುವುದು ಬಾಗಿಲ ಹತ್ತಿರ ಹೋದ ಮೇಲೆ ಹೊಳೆಯಿತು. ಎಷ್ಟು ಸಂತೋಷವಾಯಿತೆಂದರೆ ಬಂದಿದ್ದವರಿಗೆ ಅದನ್ನೇ ಹೇಳಿದೆ. ಆಮೇಲೆ ಬಸ್ಸಿನ ಮೆಟ್ಟಿಲು. ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ನೋವಿರುವ ಎಡಗಾಲು ಮೊದಲು ಎಂದು ಮೇಡಂ ಕಲಿಸಿದ್ದರು. ಕ್ರಮೇಣ ಹತ್ತುವಾಗ ಆ ಯೋಚನೆಯೇ ಬೇಕಾಗಲಿಲ್ಲ. ರಾತ್ರಿ ಮಗ್ಗುಲು ಬದಲಿಸುವುದು ಸಲೀಸಾಯಿತು. ನೋವು ಇಳಿದಿದ್ದು ಇವೆಲ್ಲದರ ನಂತರ.

ವರಮಹಾಲಕ್ಷ್ಮಿ ಹಬ್ಬದ ಮುಂಚೆ ಮಂಡಿ ಊದಿಕೊಂಡಿತು. ಆ ಸಮಯದಲ್ಲಿ ಬ್ಲೌಸ್ ರಾಶಿ ಬಿದ್ದಿರುತ್ತದೆ, ಬೇಡ ಅನ್ನುವ ಹಾಗಿಲ್ಲ. ಫೋನ್ ಮಾಡಿದಾಗ ಮೇಡಂ ಗಾಬರಿಯಾಗಲಿಲ್ಲ. ಇಂಥ ಏರಿಳಿತ ಈ ಕಾಯಿಲೆಯಲ್ಲಿ ಇದ್ದದ್ದೇ, ಇಷ್ಟು ದಿನದ್ದು ಹಾಳಾಯಿತು ಎಂದುಕೊಳ್ಳಬೇಡಿ ಎಂದರು. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡುವುದು, ಜೆಲ್ ಹಚ್ಚುವುದು, ಕುರ್ಚಿ ವ್ಯಾಯಾಮ ಅರ್ಧಕ್ಕೆ ಇಳಿಸುವುದು, ಮಲಗಿ ಮಾಡುವುದನ್ನು ಹಾಗೇ ಮುಂದುವರಿಸುವುದು. ಕೆಲವೇ ದಿನದಲ್ಲಿ ಊತ ಇಳಿಯಿತು. ಊತವಿದ್ದಾಗ ತಣ್ಣಗಿನದ್ದು, ಬರೀ ಬಿಗಿತವಿದ್ದಾಗ ಬಿಸಿ ಶಾಖ ನನಗೆ ಹಿತವಾಗುತ್ತದೆ.

ಆವಾಗಲೇ ಹೊಲಿಯುವ ಕೋಣೆಯನ್ನೂ ಬದಲಾಯಿಸಿದೆ. ನಮ್ಮ ಕೆಲಸದ ಹೆಂಗಸರಿಗಾಗಿ ಇದನ್ನು ಹೇಳಲೇಬೇಕು. ಮೊದಲು ಎಲ್ಲವೂ ಕೈಗೆ ಸಿಗುವಂತೆ ಸುತ್ತಲೂ ಇರುತ್ತಿತ್ತು. ಈಗ ಇಸ್ತ್ರಿ ಮೇಜು ಕೋಣೆಯ ಆ ಕಡೆ, ದಾರದ ಡಬ್ಬ ಈ ಕಡೆ. ಒಂದು ಬ್ಲೌಸಿನ ತೋಳು ಹೊಲಿದರೆ ಎದ್ದು ಹೋಗಿ ನಿಂತೇ ಇಸ್ತ್ರಿ ಮಾಡುತ್ತೇನೆ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರುವುದಿಲ್ಲ. ಹುಕ್ಸ್ ಹಾಕುವುದು, ಹೆಮ್ಮಿಂಗ್ ಮಾಡುವುದನ್ನು ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ ಮಾಡುತ್ತಿದ್ದೆ. ನೆಲದಲ್ಲಿ ಕೂರುವುದನ್ನು ಮೇಡಂ ಪೂರ್ತಿ ಬೇಡ ಎನ್ನಲಿಲ್ಲ. ಮಂಡಿ ಮಡಚುವ ಶಕ್ತಿಯೂ ಉಳಿಯಬೇಕು, ಆದರೆ ಗಂಟೆಗಟ್ಟಲೆ ಒಂದೇ ಭಂಗಿ ಬೇಡ, ಆಗಾಗ ಕಾಲು ಚಾಚಿ ಎಂದರು.

ತೂಕದ ಮಾತು ಬಂದಾಗ ನನಗೆ ಸ್ವಲ್ಪ ಬೇಜಾರಾಯಿತು, ಎಲ್ಲ ಡಾಕ್ಟರೂ ಅದನ್ನೇ ಹೇಳುತ್ತಾರೆ ಎಂದು. ಆದರೆ ಅವರು ಹೇಳಿದ ಲೆಕ್ಕ ಮನಸ್ಸಿಗೆ ತಾಗಿತು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋ ಇಳಿಯುತ್ತದಂತೆ. 2005ರ ಒಂದು ಅಧ್ಯಯನ ಇದನ್ನು ಅಳೆದು ತೋರಿಸಿದೆ. ಸಂಜೆಯ ಬೋಂಡ, ಕಾಫಿಯ ಸಕ್ಕರೆ, ರಾತ್ರಿಯ ಎರಡನೇ ಸಲದ ಅನ್ನ ಬಿಟ್ಟೆ. ಬೇಳೆ, ಮೊಳಕೆ ಕಾಳು, ಮೊಸರು ಜಾಸ್ತಿ ಮಾಡಿದೆ, ಸ್ನಾಯು ಬೆಳೆಯಲು ಅದೂ ಬೇಕಲ್ಲ.

ಈ ನಡುವೆ ಸಲಹೆಗಳಿಗೆ ಕೊರತೆಯಿರಲಿಲ್ಲ. ಗ್ಲೂಕೋಸಮೈನ್ ಮಾತ್ರೆ ತಗೊಳ್ಳಿ ಎಂದರು ಒಬ್ಬರು. ಕೇಳಿದಾಗ ಡಾಕ್ಟರ್, ಅದರಿಂದ ಉಪಯೋಗವಿದೆ ಅನ್ನಲು ಗಟ್ಟಿ ಆಧಾರವಿಲ್ಲ, ಬ್ರಿಟನ್ನಿನ 2022ರ ಮಾರ್ಗಸೂಚಿಯೂ ಅದನ್ನು ಕೊಡಬೇಡಿ ಅನ್ನುತ್ತದೆ ಎಂದರು. ಅದೇ ಮಾರ್ಗಸೂಚಿ ವ್ಯಾಯಾಮವನ್ನು ಈ ಕಾಯಿಲೆಯ ಎಲ್ಲರಿಗೂ ಕೊಡಿ ಅನ್ನುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ನೋವು ತಡೆಯಲಾಗದಾಗ ಕೆಲವು ವಾರ ಆರಾಮ ಕೊಡಬಹುದು. ಆದರೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಕೊಟ್ಟು ನೋಡಿದ 2017ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬರೀ ಉಪ್ಪುನೀರಿನ ಇಂಜೆಕ್ಷನ್ನಿಗಿಂತ ನೋವೇನೂ ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಸ್ವಲ್ಪ ಜಾಸ್ತಿಯೇ ಕರಗಿತ್ತು. ಸಣ್ಣ ತೂತು ಮಾಡಿ ಮಂಡಿ ಕ್ಲೀನ್ ಮಾಡಿಸಿಕೊಳ್ಳಿ ಎಂದೂ ಒಬ್ಬರು ಹೇಳಿದರು. ಹ್ಯೂಸ್ಟನ್‌ನಲ್ಲಿ ಮಾಡಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ನಿಜವಾದ ಆಪರೇಷನ್ ಮಾಡಿ, ಇನ್ನು ಕೆಲವರಿಗೆ ಚರ್ಮದ ಮೇಲೆ ಬರೀ ಗಾಯ ಮಾಡಿ ಹೊಲಿಗೆ ಹಾಕಿದ್ದರು. ಇಬ್ಬರಿಗೂ ಆದ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ಮೇಲೆ ನನ್ನ ದುಡ್ಡು, ಸಮಯ ಎರಡನ್ನೂ ಕುರ್ಚಿಗೇ ಕೊಟ್ಟೆ.

ಮಂಡಿ ಬದಲಾಯಿಸುವ ಆಪರೇಷನ್ ವಿಷಯ ಬೇರೆ. ಅದನ್ನು ಯಾರೂ ಹೆದರಿ ದೂರವಿಡಬಾರದು. ನನ್ನ ಚಿಕ್ಕಮ್ಮನಿಗೆ ರಾತ್ರಿಯೆಲ್ಲ ನೋವು, ಬಚ್ಚಲಿಗೆ ಹೋಗಲೂ ಕಷ್ಟ. ಅವರಿಗೆ ಎರಡೂ ಮಂಡಿ ಬದಲಾಯಿಸಿದ್ದಾರೆ, ಈಗ ಮಾರ್ಕೆಟ್‌ಗೆ ನಡೆದು ಹೋಗಿ ಬರುತ್ತಾರೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಯ ಇಂಪ್ಲಾಂಟ್, ಅಂದರೆ ಕೃತಕ ಕೀಲಿನ ಬೆಲೆಗೆ ಮಿತಿ ಹಾಕಿದ್ದರಿಂದ ಅದರ ಖರ್ಚೂ ಇಳಿದಿದೆ. ಆಪರೇಷನ್ ಆದ ಮೇಲೆ ಅವರಿಗೆ ಕೊಟ್ಟ ವ್ಯಾಯಾಮ ಏನು ಗೊತ್ತಾ? ಟವೆಲ್ ಒತ್ತುವುದು, ಕಾಲು ನೇರ ಎತ್ತುವುದು, ಕುರ್ಚಿಯಿಂದ ಏಳುವುದು. ನಾನು ಮಾಡುತ್ತಿದ್ದವೇ. ತೊಡೆ ಮೊದಲೇ ಗಟ್ಟಿಯಿದ್ದರೆ ಆಪರೇಷನ್ ನಂತರ ಎದ್ದು ಓಡಾಡುವುದೂ ಸುಲಭವಂತೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಆಸ್ಟಿಯೋಆರ್ಥ್ರೈಟಿಸ್ ಇತ್ತು. ಅವರಲ್ಲಿ ಶೇ 60ರಷ್ಟು ಹೆಂಗಸರು. ಬ್ಲೌಸ್ ಅಳತೆ ಕೊಡಲು ಬರುವವರಲ್ಲೂ ಮಂಡಿ ಹಿಡಿದು ಕೂರುವವರು ಎಷ್ಟೋ ಜನ. ವಯಸ್ಸಾಯಿತು ಬಿಡಿ ಅನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ನಲವತ್ತೈದಕ್ಕೇ ಮಹಡಿ ಬಿಟ್ಟು, ದೇವಸ್ಥಾನ ಬಿಟ್ಟು, ತವರಿಗೆ ಹೋಗುವುದನ್ನೂ ಬಿಟ್ಟವರಿದ್ದಾರೆ. ಅವರನ್ನು ಕೂರಿಸಿ ಕುರ್ಚಿಯಿಂದ ಏಳುವುದನ್ನೂ, ನೋವಿನ ನಂಬರ್ ಲೆಕ್ಕವನ್ನೂ ಹೇಳಿಕೊಡುತ್ತೇನೆ. ಮಂಡಿ ಕೆಂಪಗೆ ಬಿಸಿಯಾಗಿದ್ದರೆ, ಜ್ವರವಿದ್ದರೆ, ಕಾಲೂರಲೇ ಆಗದಿದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿದರೆ ಮೊದಲು ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ.

ಈಗ ಮಲಗಿ ಮಾಡುವ ವ್ಯಾಯಾಮಗಳನ್ನು ಬಿಟ್ಟಿದ್ದೇನೆ, ಅವು ನನಗೆ ಸುಲಭವಾಗಿಬಿಟ್ಟಿವೆ. ಕುರ್ಚಿ, ಮೆಟ್ಟಿಲು, ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿ ಪಕ್ಕಕ್ಕೆ ಹೆಜ್ಜೆ ಹಾಕುವುದು, ಇವು ವಾರಕ್ಕೆ ಮೂರು ದಿನ. ಉಳಿದ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್. ಮಂಡಿ ಕಟಕಟ ಅನ್ನುವುದು ಹಾಗೇ ಇದೆ. ನೋವಿಲ್ಲದ ಸದ್ದಿಗೆ ಚಿಂತೆ ಬೇಡ ಎಂದಿದ್ದಾರೆ. ಎಕ್ಸ್‌ರೇ ಮತ್ತೆ ತೆಗೆಸಿಲ್ಲ, ಅದರಲ್ಲಿ ಬದಲಾವಣೆ ಕಾಣಬೇಕೆಂದೂ ಇಲ್ಲ. ಮೆಟ್ಟಿಲು ಇಳಿಯುವುದೊಂದು ಇನ್ನೂ ಪೂರ್ತಿ ಸರಿಯಾಗಿಲ್ಲ, ತುಂಬಾ ಮೆಟ್ಟಿಲಿದ್ದರೆ ನಂಬರ್ ಮೂರಕ್ಕೆ ಹೋಗುತ್ತದೆ. ಮುಂದಿನ ಸಲ ಹೋದಾಗ ಇನ್ನೂ ಎತ್ತರದ ಸ್ಟೂಲಿನಿಂದ ಒಂಟಿ ಕಾಲಲ್ಲಿ ನಿಧಾನ ಇಳಿಯುವುದನ್ನು ಕಲಿಸುತ್ತೇನೆ ಎಂದಿದ್ದಾರೆ ಮೇಡಂ.